ಪದಚರ್ಚೆ: ‘ಅಪಘಾತ ಪತ್ತೆ’ ಸರಿಯೇ? ‘ನನಗೇನೂ ಆಗಿಲ್ಲ’ ಅನ್ನೋ ಬಟನ್ ಬೇಕೇ?

ಎಲ್ಲರಿಗೂ ನಮಸ್ಕಾರ.

ಗಾಡಿ ಅಪಘಾತವಾದರೆ ತಾನಾಗಿಯೇ ಮನೆಯವರಿಗೂ 112ಕ್ಕೂ ಸುದ್ದಿ ಮುಟ್ಟಿಸುವ ಆಪ್ ಒಂದನ್ನು ನನ್ನ ಗೆಳೆಯರು ಮಾಡುತ್ತಿದ್ದಾರೆ. ಅದರ ಪರದೆಯ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಇರುವುದು ಹತ್ತು ಹನ್ನೆರಡು ಸಾಲು. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ನೆರವು ಬೇಕು.

ಮೊದಲನೆಯದು ‘ಕ್ರ್ಯಾಶ್ ಡಿಟೆಕ್ಷನ್’, ಅಂದರೆ ಗಾಡಿ ಅಪಘಾತವಾದದ್ದನ್ನು ಫೋನು ತಾನಾಗಿಯೇ ಗುರುತಿಸುವುದು. 2022ರಲ್ಲಿ ಐಫೋನ್ 14ರ ಜೊತೆ ಬಂದ ಮೇಲೆ ಈ ಮಾತು ಜಾಸ್ತಿ ಕೇಳಿಬಂತು. ಇದಕ್ಕೆ ‘ಅಪಘಾತ ಪತ್ತೆ’ ಅಂದರೆ ನನಗೆ ಒಗ್ಗುವುದಿಲ್ಲ. ಕಾಣೆಯಾದದ್ದನ್ನು, ಬಚ್ಚಿಟ್ಟದ್ದನ್ನು ಹುಡುಕಿ ತೆಗೆದರೆ ಪತ್ತೆ. ಕಳ್ಳನ ಪತ್ತೆ, ಶವ ಪತ್ತೆ, ಪತ್ತೇದಾರ. ಫೋನು ಹುಡುಕಿಕೊಂಡು ಹೋಗುವುದಿಲ್ಲ. ಓಡುತ್ತಿದ್ದ ಗಾಡಿ ಗಕ್ಕನೆ ನಿಂತದ್ದು, ಜೋರು ಸದ್ದಾದದ್ದು, ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಕಾರಿನೊಳಗಿನ ಗಾಳಿಯ ಒತ್ತಡ ಬದಲಾದದ್ದು, ಇಂಥವನ್ನೆಲ್ಲ ಕೂಡಿಸಿ ಅದು ಊಹೆ ಮಾಡುತ್ತದೆ. ಊಹೆ ತಪ್ಪುವುದೂ ಉಂಟು. ಅಮೆರಿಕದಲ್ಲಿ ರೋಲರ್ ಕೋಸ್ಟರ್ ಹತ್ತಿದವರ ಫೋನುಗಳು ಸುಮ್ನೆ ತುರ್ತು ಕರೆ ಮಾಡಿದ್ದವು. ಹಾಗಾಗಿ ‘ಸುಳಿವು’ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ. ಸುಳಿವು ಸಿಕ್ಕಿತು ಅಂದರೆ ಇನ್ನೂ ಖಾತ್ರಿಯಾಗಿಲ್ಲ ಅಂತಲೇ ಅರ್ಥ, ಅಲ್ವಾ? ‘ಡಿಕ್ಕಿ ಸುಳಿವು’ ಅಂದರೆ ಹೇಗೆ? ಕಾರಿನ ಹಿಂದೆ ಸಾಮಾನು ಇಡುವ ಜಾಗವೂ ಡಿಕ್ಕಿಯೇ ಅನ್ನುವುದೊಂದು ತೊಡಕು.

ಕ್ರಿಯಾಪದ ಇನ್ನೂ ಕಷ್ಟ. ಮೈಸೂರು ಕಡೆ ನಾವು ‘ಗುದ್ದಿತು’ ಅನ್ನುತ್ತೇವೆ. ಕರಾವಳಿಯ ಪತ್ರಿಕೆಗಳಲ್ಲಿ ‘ಢಿಕ್ಕಿ ಹೊಡೆಯಿತು’. ಮೈಮೇಲೆ ಹೋದರೆ ನಮ್ಮಲ್ಲಿ ‘ಲಾರಿ ಹರಿದು’, ಹುಬ್ಬಳ್ಳಿ ಕಡೆ ‘ಲಾರಿ ಹಾಯ್ದು’. ಎಲ್ಲರಿಗೂ ತಟ್ಟನೆ ಹೊಳೆಯುವುದು ‘ಆಕ್ಸಿಡೆಂಟ್ ಆಯ್ತಾ?’ ಒಂದೇ ಇರಬಹುದು. ಹಾಗಿದ್ದರೆ ಅದನ್ನೇ ಬರೆಯಲು ನನಗೆ ಹಿಂಜರಿಕೆಯಿಲ್ಲ.

ನಿಜವಾಗಿ ನಿದ್ದೆ ಕೆಡಿಸಿರುವುದು ಎರಡನೆಯದು. ಸುಳಿವು ಸಿಕ್ಕ ಕೂಡಲೇ ಪರದೆಯ ಮೇಲೆ ಅಂಕಿಗಳು ಇಳಿಯತೊಡಗುತ್ತವೆ. ಸೊನ್ನೆಗೆ ಬರುವಷ್ಟರಲ್ಲಿ ಬಟನ್ ಒತ್ತದಿದ್ದರೆ ಕರೆ ಹೋಗುತ್ತದೆ. ಆ ಬಟನ್ನಿಗೆ ಇಂಗ್ಲಿಷಿನಲ್ಲಿ ‘ಐಯಾಮ್ ಓಕೆ’ ಅಂತಿದೆ. ‘ನಾನು ಚೆನ್ನಾಗಿದ್ದೇನೆ’ ಅಂತ ಬರೆದೆ. ಓದಿದರೆ ಮದುವೆಮನೆಯಲ್ಲಿ ನೆಂಟರಿಗೆ ಹೇಳುವ ಮಾತಿನ ಹಾಗಿದೆ. ಅದನ್ನು ಹೊಡೆದುಹಾಕಿ ‘ನನಗೇನೂ ಆಗಿಲ್ಲ’ ಅಂತ ಮಾಡಿದೆ. ಸರಿಯಾದ ಕನ್ನಡ ಇದೇ ಅಂತ ಖುಷಿಯಾಯಿತು.

ಆಮೇಲೆ ನಮ್ಮ ಸೋದರಮಾವ ನೆನಪಾದರು. ಹೋದ ಮಳೆಗಾಲದಲ್ಲಿ ಮದ್ದೂರಿನ ಹತ್ತಿರ ಸ್ಕೂಟರ್ ಜಾರಿ ಬಿದ್ದರು. ಟೀ ಅಂಗಡಿಯವರು ಓಡಿಬಂದು ಎತ್ತಿ ಕೂರಿಸಿ, “ಪೆಟ್ಟಾಯ್ತಾ ಸಾರ್?” ಅಂದರು. ಮಾವ ಪಂಚೆಯ ಕೆಸರು ಕೊಡವಿಕೊಳ್ಳುತ್ತಾ “ಏನಾಗಿಲ್ಲ ಬಿಡಿ, ಏನಾಗಿಲ್ಲ” ಅಂದರಂತೆ. ರಾತ್ರಿ ಉಸಿರು ಎಳೆದುಕೊಳ್ಳಲು ಆಗದೆ ಆಸ್ಪತ್ರೆಗೆ ಹೋದಾಗ ಎರಡು ಪಕ್ಕೆಲುಬು ಮುರಿದಿದ್ದವು.

ನಮ್ಮಲ್ಲಿ ಬಿದ್ದವರೆಲ್ಲ ಮೊದಲು ಹೇಳುವುದೇ ಈ ಮಾತನ್ನು. ನಾಚಿಕೆಗೋ, ಬೇರೆಯವರಿಗೆ ತೊಂದರೆ ಯಾಕೆ ಅಂತಲೋ. ನಾಲಿಗೆಗೆ ಇಷ್ಟು ಸಲೀಸಾದ ಮಾತನ್ನೇ ಬಟನ್ನಿನ ಮೇಲೆ ಬರೆದರೆ ಪೆಟ್ಟಾದವರೂ ಒತ್ತಿಬಿಡುತ್ತಾರೆ ಅನ್ನುವುದು ನನ್ನ ಭಯ. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಲ್ಲಿ ಇರಲೇಬೇಕಾದ ‘ಇ-ಕಾಲ್’ನಲ್ಲಿ ಕಾರೇ 112ಕ್ಕೆ ಕರೆ ಮಾಡಿ, ಜಾಗವನ್ನೂ ತಿಳಿಸುತ್ತದೆ. ಆ ಕಡೆಯಿಂದ ಮನುಷ್ಯರೊಬ್ಬರು ಮಾತಾಡಿಸುತ್ತಾರೆ. ದನಿ ನಡುಗಿದರೆ ಅವರಿಗೆ ತಿಳಿಯುತ್ತದೆ. ಬಟನ್ನಿಗೆ ತಿಳಿಯುವುದಿಲ್ಲ.

ಅದಕ್ಕೇ ಈಗ ‘ಆಂಬುಲೆನ್ಸ್ ಬೇಡ’ ಅಂತ ಬರೆದಿದ್ದೇನೆ. ಒತ್ತಿದರೆ ಏನಾಗುತ್ತದೋ ಅದನ್ನೇ ಹೇಳುತ್ತದೆ. ಕೈ ಒಂದು ಕ್ಷಣ ತಡೆಯಬಹುದು. ಗೆಳೆಯರಿಗೆ ಇದು ಒರಟು ಅನ್ನಿಸಿದೆ.

ಇನ್ನೊಂದು ಸಣ್ಣದು. ಚಿಕಿತ್ಸೆ ಸಿಕ್ಕರೆ ಜೀವ ಉಳಿಯುವ ಸಾಧ್ಯತೆ ಹೆಚ್ಚಿರುವ ‘ಗೋಲ್ಡನ್ ಅವರ್’ಗೆ ‘ಸುವರ್ಣ ಗಂಟೆ’ ಅನ್ನುವುದನ್ನು ಬಿಟ್ಟಿದ್ದೇನೆ. ಸುವರ್ಣ ಅಂದರೆ ಮಹೋತ್ಸವ, ಅವಕಾಶ ನೆನಪಾಗುತ್ತವೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೂ ಇದರ ಅರ್ಥ ಪೆಟ್ಟಾದ ಮೇಲಿನ ಒಂದು ಗಂಟೆ ಅಂತಲೇ ಇದೆ. ‘ಪೆಟ್ಟಾದ ಮೊದಲ ಗಂಟೆ’ ಸಾಕು. ಬೆಳಗಾವಿ, ಧಾರವಾಡದವರಿಗೆ ‘ತಾಸು’ ಅಂದರೇ ವಾಸಿಯೇ?

ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಗಾಡಿ ಓಡಿಸುವ ಹಿರಿಯರಿಗೆ ಎರಡು ಚೀಟಿ ತೋರಿಸಿ. ಒಂದರಲ್ಲಿ ‘ನನಗೇನೂ ಆಗಿಲ್ಲ’, ಇನ್ನೊಂದರಲ್ಲಿ ‘ಆಂಬುಲೆನ್ಸ್ ಬೇಡ’. ಬಿದ್ದು ಮೊಣಕಾಲು ಉರಿಯುತ್ತಿದ್ದರೆ ಯಾವುದನ್ನು ಒತ್ತುತ್ತೀರಿ ಅಂತ ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಊರಿನ ಹೆಸರಿನ ಜೊತೆ ಇಲ್ಲಿ ಬರೆಯಿರಿ.