ದ್ವೀಪದ ಕಡಲ ಕೇಂದ್ರದಲ್ಲಿ ಐದು ವಾರ: ಈಜು ಬಾರದವಳು ಹೋಗಬಹುದಾ?

ಪ್ರಶ್ನೆ:

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪದಲ್ಲಿರುವ ಫ್ರೈಡೇ ಹಾರ್ಬರ್ ಲ್ಯಾಬ್ಸ್‌ನಲ್ಲಿ ಬೇಸಿಗೆಯ ಐದು ವಾರದ ಕೋರ್ಸಿಗೆ ಸೀಟು ಸಿಕ್ಕಿದೆ. ವಿಷಯ, ಬೆನ್ನೆಲುಬಿಲ್ಲದ ಪ್ರಾಣಿಗಳ ಲಾರ್ವಾ, ಅಂದರೆ ಮೊಟ್ಟೆಯಿಂದ ಬಂದ ಎಳೆಯ ರೂಪ. ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಕಂಪ್ಯೂಟರ್ ಮುಂದೆ ಕೂತು ಡಿಎನ್‌ಎ ಸರಣಿ ಹೋಲಿಸುವ ಕೆಲಸ. ಜೀವಂತ ನಕ್ಷತ್ರಮೀನನ್ನು ಮುಟ್ಟಿ ಕೂಡ ನೋಡಿಲ್ಲ, ಈಜು ಬರುವುದಿಲ್ಲ. ನಮ್ಮ ಗೈಡ್ ಬೇರೆ, "ಐದು ವಾರದಲ್ಲಿ ಪೇಪರ್ ಆಗುವಂಥದ್ದೇನೂ ಹುಟ್ಟುವುದಿಲ್ಲ, ಇಲ್ಲೇ ಇದ್ದು ಅನಾಲಿಸಿಸ್ ಮುಗಿಸು" ಅನ್ನುತ್ತಿದ್ದಾರೆ. ಹೋಗಿ ಬಂದವರು ಇದ್ದರೆ ಹೇಳಿ. ಅಲ್ಲಿ ದಿನ ಹೇಗಿರುತ್ತದೆ? ಪ್ರಾಜೆಕ್ಟ್ ಮೊದಲೇ ಯೋಚಿಸಿಕೊಂಡು ಹೋಗಬೇಕಾ?

ಉತ್ತರ 1:

ಹೋಗಿ. ನಾನು ಎರಡು ಬೇಸಿಗೆ ಅಲ್ಲಿದ್ದೆ, ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಸಹಾಯಕಿಯಾಗಿ.

ಈಜಿನ ಮಾತು ಮೊದಲು ಮುಗಿಸುತ್ತೇನೆ. ನೀರಿಗೆ ಧುಮುಕಿ ಕೆಲಸ ಮಾಡುವವರಿಗೆ ಪ್ರತ್ಯೇಕ ತರಬೇತಿ ಇರುತ್ತದೆ, ಲಾರ್ವಾ ಕಲಿಯುವವರಿಗೆ ಅದು ಬೇಡ. ದೋಣಿಯಲ್ಲಿ ಲೈಫ್ ಜಾಕೆಟ್ ಕಳಚಬೇಡಿ, ಈಜು ಬಾರದು ಅಂತ ಮೊದಲ ದಿನವೇ ಹೇಳಿಬಿಡಿ. ನೀರು ಬೇಸಿಗೆಯಲ್ಲೂ ಹತ್ತು ಹನ್ನೆರಡು ಡಿಗ್ರಿ ಅಷ್ಟೇ.

ಅಲ್ಲಿ ದಿನ ನಡೆಯುವುದು ಕಡಲ ನೀರಿನ ಉಬ್ಬರ-ಇಳಿತದ ಪಟ್ಟಿಯ ಪ್ರಕಾರ. ದಿನಕ್ಕೆ ಎರಡು ಇಳಿತ, ಆದರೆ ಎರಡೂ ಸಮ ಅಲ್ಲ. ಒಂದು ತೀರಾ ಕೆಳಗಿಳಿದರೆ ಇನ್ನೊಂದು ಅರ್ಧಕ್ಕೇ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಆ ದೊಡ್ಡ ಇಳಿತ ಹಗಲು ಹೊತ್ತಲ್ಲಿ ಬರುತ್ತದೆ, ಚಳಿಗಾಲದಲ್ಲಾದರೆ ರಾತ್ರಿ. ಬೇಸಿಗೆ ಕೋರ್ಸಿನವರ ಪುಣ್ಯ ಅದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಪಟ್ಟಿಯಲ್ಲಿ ಮೈನಸ್ ಅಂಕಿ, ಅಂದರೆ ನೀರು ಎಂದಿಗಿಂತ ಕೆಳಗಿಳಿಯುವ ಹೊತ್ತು, ಕಂಡರೆ ಎಲ್ಲರೂ ಬೂಟು ಹಾಕಿಕೊಂಡು ಬಂಡೆಗೆ ಹೊರಡುತ್ತಾರೆ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೇ ಮೆಲ್ಲಗೆ ವಾಪಸ್ ಇಡಿ, ಅಡಿಮೈಗೆ ಅಂಟಿಕೊಂಡ ಜೀವಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಇದನ್ನು ಮರೆಯುವವರನ್ನು ಕಂಡರೆ ನನಗೆ ಈಗಲೂ ಸಂಕಟ ಆಗುತ್ತದೆ.

ಇನ್ನು ಪ್ರಾಜೆಕ್ಟ್. ನಾನು ದೊಡ್ಡದೊಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ, ಮೊದಲ ವಾರವೇ ಬಿಟ್ಟೆ. ಬಿಡಿಸಿದ್ದು ಸ್ಯಾಂಡ್ ಡಾಲರ್ ಅನ್ನುವ, ಬಿಲ್ಲೆಯಂತೆ ಚಪ್ಪಟೆಯಾದ ಕಡಲ ಪ್ರಾಣಿ. ದಡದಲ್ಲಿ ಸಿಗುವ ಬಿಳಿ ಬಿಲ್ಲೆ ಅದರ ಅಸ್ಥಿ ಮಾತ್ರ. ಬದುಕಿರುವಾಗ ಮೈತುಂಬ ನೇರಳೆ ಬಣ್ಣದ ಪುಟ್ಟ ಮುಳ್ಳು, ಅಂಗೈ ಮೇಲಿಟ್ಟರೆ ಮಖಮಲ್ಲು ತಾನಾಗಿ ಹರಿದಾಡಿದ ಹಾಗೆ. ಹೊರಗಿನಿಂದ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಬಾಯಿಯ ಪಕ್ಕ ಸೂಜಿಯಿಂದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಕೊಟ್ಟು, ಕಡಲ ನೀರು ತುಂಬಿದ ಬೀಕರಿನ ಮೇಲೆ ಬೋರಲು ಹಾಕಿ, ಮೊಟ್ಟೆಯೋ ವೀರ್ಯವೋ ಹೊರಬರುವುದನ್ನು ಕಾಯಬೇಕು. ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸುತ್ತ ಪಾರದರ್ಶಕ ಲೋಳೆ, ಅದರೊಳಗೆ ಕುಂಕುಮದ ಪುಡಿ ಉದುರಿಸಿದಂತೆ ಕೆಂಪು ಚುಕ್ಕಿ. ವೀರ್ಯದ ಒಂದು ತೊಟ್ಟು ಬಿದ್ದು ಒಂದೆರಡು ನಿಮಿಷದಲ್ಲಿ ಮೊಟ್ಟೆಯ ಸುತ್ತ ಒಂದು ಪೊರೆ ಎದ್ದು ನಿಲ್ಲುತ್ತದೆ. ನಾನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಕಣ್ಣೆದುರು ಒಂದಾದ ಮೇಲೊಂದು ಪೊರೆ ಏಳುವುದನ್ನು ಕಂಡಾಗ ಪಕ್ಕದವಳನ್ನು ಕೈಹಿಡಿದು ಎಳೆದು ತೋರಿಸಿದೆ.

ಮೂರನೇ ದಿನಕ್ಕೆ ಕೈಚಾಚಿದ ಲಾರ್ವಾ. ಅವುಗಳ ಜಾಡಿಗಳನ್ನು ಕಡಲ ನೀರು ಹರಿಯುವ ತೊಟ್ಟಿಯಲ್ಲಿ ತಂಪಾಗಿ ಇಡಬೇಕು, ನೀರು ಬದಲಿಸಬೇಕು, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಉಣಿಸಬೇಕು. ಹಸಿದಾವು ಅಂತ ನಾನು ಪಾಚಿ ಜಾಸ್ತಿ ಹಾಕಿಬಿಟ್ಟೆ. ಎರಡನೇ ಬೆಳಗ್ಗೆ ನೀರು ಮಬ್ಬು, ಲಾರ್ವಾ ಎಲ್ಲ ತಳದಲ್ಲಿ. ತುಂಬ ಅತ್ತೆ. ಮತ್ತೆ ಮೊದಲಿನಿಂದ ಶುರು ಮಾಡಿ, ಈ ಸಲ ಅರ್ಧ ಜಾಡಿಗಳಿಗೆ ಹೆಚ್ಚು ಪಾಚಿ, ಅರ್ಧಕ್ಕೆ ಕಡಿಮೆ ಕೊಟ್ಟು ಅಳೆಯುತ್ತ ಹೋದೆ. ಕಡಿಮೆ ಉಂಡವುಗಳ ಕೈ ಉದ್ದ ಬೆಳೆಯಿತು! ಆಹಾರ ಹಿಡಿಯುವ ರೋಮದ ಸಾಲು ಇರುವುದು ಆ ಕೈಗಳ ಮೇಲೇ. ಕೈ ಉದ್ದವಾದಷ್ಟೂ ಹೆಚ್ಚು ನೀರು ಸೋಸಬಹುದು. ಇದು ಮೊದಲೇ ಗೊತ್ತಿದ್ದ ಸಂಗತಿ, ಪೇಪರ್ ಆಗಲಿಲ್ಲ. ಆದರೆ ಇವತ್ತು ನಾನು ಮಾಡುತ್ತಿರುವ ಪಿಎಚ್‌ಡಿ ಪ್ರಶ್ನೆ ಆ ಜಾಡಿಗಳಿಂದಲೇ ಬಂತು. ಹಾಗಾಗಿ ಪ್ರಶ್ನೆ ಕಟ್ಟಿಕೊಂಡು ಹೋಗಬೇಡಿ. ಒಂದು ಪ್ರಾಣಿ ಆರಿಸಿಕೊಂಡು ದಿನಾ ನೋಡಿ.

ಉತ್ತರ 2:

ನಿಮ್ಮ ಗೈಡ್‌ಗೆ ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ ಕತೆ ನೆನಪಿಸಿ. 1961ರ ಬೇಸಿಗೆಯಲ್ಲಿ ಇದೇ ಫ್ರೈಡೇ ಹಾರ್ಬರ್‌ಗೆ ಅವರು ಬಂದದ್ದು ಒಂದು ಜೆಲ್ಲಿ ಮೀನು ಯಾಕೆ ಬೆಳಗುತ್ತದೆ ಅಂತ ತಿಳಿಯಲು. ಬೆಳಕಿನ ವಸ್ತುವನ್ನು ಬೇರ್ಪಡಿಸಲು ಏನು ಮಾಡಿದರೂ ಆಗದೆ, ದೋಣಿಯಲ್ಲಿ ಒಬ್ಬರೇ ಕೂತು ಯೋಚಿಸುತ್ತಿದ್ದರಂತೆ. ಕೊನೆಗೆ ಒಂದು ದ್ರಾವಣವನ್ನು ಸಿಂಕಿಗೆ ಸುರಿದಾಗ ಒಳಗೆ ನೀಲಿ ಬೆಳಕು ಮಿಂಚಿತು. ಸಿಂಕಿಗೆ ಹರಿಯುತ್ತಿದ್ದದ್ದು ತೊಟ್ಟಿಯ ಕಡಲ ನೀರು, ಬೆಳಗಿಸಿದ್ದು ಅದರಲ್ಲಿದ್ದ ಕ್ಯಾಲ್ಸಿಯಂ. ಆ ಬೇಸಿಗೆ ಹಿಡಿದ ಸುಮಾರು 10,000 ಜೆಲ್ಲಿ ಮೀನುಗಳಿಂದಲೇ ಹಸಿರು ಹೊಳೆಯುವ ಪ್ರೋಟೀನೂ ಸಿಕ್ಕಿತು. ಅದಕ್ಕೆ 2008ರ ನೊಬೆಲ್.

ಉತ್ತರ 3:

ಹೋದಾಗ ಸೂರ್ಯಕಾಂತಿ ನಕ್ಷತ್ರಮೀನಿನ ಮರಿಗಳನ್ನು ನೋಡಲು ಕೇಳಿ. ಇಪ್ಪತ್ತಕ್ಕೂ ಹೆಚ್ಚು ತೋಳಿನ ಈ ಪ್ರಾಣಿ 2013ರಿಂದ ಹರಡಿದ, ನಕ್ಷತ್ರಮೀನುಗಳ ಮೈ ಕರಗಿಸುವ ರೋಗಕ್ಕೆ ಸಿಕ್ಕಿ ಶೇಕಡಾ 90ಕ್ಕೂ ಹೆಚ್ಚು ನಾಶವಾಯಿತು. 2019ರಿಂದ ಅಲ್ಲಿ ಅದನ್ನು ಲಾರ್ವಾದಿಂದ ಸಾಕುತ್ತಿದ್ದಾರೆ. ಉತ್ತರ 1ರಲ್ಲಿ ಹೇಳಿದ ಜಾಡಿ ತೊಳೆಯುವ, ಪಾಚಿ ಉಣಿಸುವ ಕೆಲಸವೇ ಅದಕ್ಕೂ ಆಧಾರ. ರೋಗಕ್ಕೆ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾ ಕಾರಣ ಅಂತ ಗೊತ್ತಾದದ್ದು 2025ರಲ್ಲಷ್ಟೇ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಇವತ್ತು ಹೋಗುತ್ತೇನೆ ಅಂತ ಬರೆದು ಕಳಿಸಿದೆ. ಉತ್ತರ 1 ಬರೆದವರೇ, ಪಾಚಿ ಎಷ್ಟು ಹಾಕಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ 1 ಬರೆದವರು:

ತುಂಬ ಸಂತೋಷ! ಎಣಿಸಿಯೇ ಹಾಕಬೇಕು. ಗಾಜಿನ ಎಣಿಕೆ ಪಟ್ಟಿಯ ಮೇಲೆ ಒಂದು ಹನಿ ಪಾಚಿ ಇಟ್ಟು ಕೋಶ ಎಣಿಸಿ ಲೆಕ್ಕ ಹಾಕಿ. ನಾವು ರೋಡೊಮೊನಾಸ್ ಪಾಚಿಯನ್ನು ಮಿಲಿಲೀಟರಿಗೆ 5,000 ಕೋಶದಷ್ಟು ಹಾಕುತ್ತಿದ್ದೆವು. ಹಾಕಿದ ಮೇಲೆ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬದಿಯ ನಿಮ್ಮ ಬೆರಳು ಸ್ಪಷ್ಟವಾಗಿ ಕಾಣಬೇಕು.