ಹಳೇ ಗಾಡಿ ಬಳಗ: ಕಳುವು, ಬ್ರೇಕು, ತಿರುವು – ನಾಗಣ್ಣನಿಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಮಂಜುನಾಥ್ ಅವರ ಪದ್ಮಿನಿ ಕಾರು ಮನೆ ಮುಂದಿನಿಂದಲೇ ಕಳುವಾಯ್ತು. ಹಾಗಾಗಿ ಇವತ್ತು ಮೈಸೂರಿನ ಗ್ಯಾರೇಜ್ ನಾಗಣ್ಣ ಪ್ರಶ್ನೆಗಳಿಗೆ ಉತ್ತರ ಕೊಡ್ತಾರೆ. ಕಳ್ಳತನ, ಓಡಿಸೋದು ಎರಡರ ಬಗ್ಗೆಯೂ ಕೇಳಿ. ಗಾಡಿ ಯಾವುದು, ಯಾವ ವರ್ಷದ್ದು ಅಂತ ಬರೆಯಿರಿ. ಫಾರ್ವರ್ಡ್ ಬೇಡ.

ಮಂಜುನಾಥ್: 1984ರ ಪದ್ಮಿನಿ. ರಾತ್ರಿ ಮಲಗುವಾಗ ಇತ್ತು, ಬೆಳಗ್ಗೆ ಹಾಲು ತರಲು ಹೊರಟಾಗ ಇಲ್ಲ. ಸ್ಟಾರ್ಟ್ ಆದ ಸದ್ದು ಪಕ್ಕದ ಮನೆಯವರಿಗೂ ಕೇಳಿಲ್ಲ. ಠಾಣೆಗೆ ದೂರು ಕೊಟ್ಟಿದ್ದೇನೆ. ಇನ್ನೇನು ಮಾಡಲಿ ನಾಗಣ್ಣ?

ನಾಗಣ್ಣ: ಬೇಜಾರಾಯ್ತು ಮಂಜಣ್ಣ. ಸದ್ದು ಕೇಳಿಲ್ಲ ಅಂದರೆ ತಳ್ಳಿಕೊಂಡೋ ಟೋ ಮಾಡಿಕೊಂಡೋ ಹೋಗಿದ್ದಾರೆ. ದೂರು ಕೊಟ್ಟ ಚೀಟಿ ಸಾಲದು, ಎಫ್‌ಐಆರ್ ಪ್ರತಿ ತಗೊಳ್ಳಿ. ಈಗ ಕಳ್ಳತನ ಭಾರತೀಯ ನ್ಯಾಯ ಸಂಹಿತೆ 303ರಲ್ಲಿ ಬರುತ್ತೆ, ಹಳೇ ಐಪಿಸಿ 379 ಅಲ್ಲ. ಆ ಪ್ರತಿ ಇಟ್ಟು ಆರ್‌ಟಿಒಗೆ ಬರೆದು ಕೊಡಿ, ಯಾರೂ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಬಾರದು. ಹಳೇ ಫೈಲಲ್ಲಿ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಇದೆಯಾ ಹುಡುಕಿ. ಇನ್ನೊಂದು ಮುಖ್ಯ. ಎಡಗಡೆ ಹಿಂದಿನ ಬಾಗಿಲ ಕೆಳಗೆ ತುಕ್ಕು ಹಿಡಿದಾಗ ನಾನೇ ತೇಪೆ ಹಾಕಿದ್ದೆ. ಮ್ಯಾಟ್ ಎತ್ತಿ ಒಳಗಿಂದ ಬೆರಳಾಡಿಸಿದರೆ ಬೆಸುಗೆ ಗೆರೆ ಕೈಗೆ ಸಿಗುತ್ತೆ. ಅದನ್ನೂ ಪೊಲೀಸರಿಗೆ ಬರೆದು ಕೊಡಿ. ಬಣ್ಣ ಬದಲಿಸ್ತಾರೆ, ನಂಬರ್ ಬದಲಿಸ್ತಾರೆ, ಆ ತೇಪೆ ತೆಗೆಯೋಕೆ ಯಾರೂ ಹೋಗಲ್ಲ. ಇನ್ಶೂರೆನ್ಸ್ ಯಾವುದು?

ಮಂಜುನಾಥ್: ಥರ್ಡ್ ಪಾರ್ಟಿ ಮಾತ್ರ.

ನಾಗಣ್ಣ: ಹಾಗಾದರೆ ಕಳುವಿಗೆ ಒಂದು ರೂಪಾಯಿಯೂ ಬರಲ್ಲ. ಆದರೂ ಅವರಿಗೆ ತಿಳಿಸಿ. ಕದ್ದವನು ಯಾರಿಗಾದರೂ ಗುದ್ದಿದರೆ ಮೊದಲು ಹುಡುಕೋದು ನಿಮ್ಮನ್ನೇ.

ಕಿರಣ್, ಬೆಂಗಳೂರು: ಅಣ್ಣ, ಕಿಲ್ ಸ್ವಿಚ್ (ಗಾಡಿ ಸ್ಟಾರ್ಟ್ ಆಗದ ಹಾಗೆ ಕರೆಂಟ್ ಕಟ್ ಮಾಡೋ ಗುಟ್ಟಿನ ಸ್ವಿಚ್) ಎಲ್ಲಿ ಹಾಕಿಸಿದರೆ ಒಳ್ಳೇದು? ನಂದು 1978ರ ಅಂಬಾಸಿಡರ್.

ನಾಗಣ್ಣ: ಅದನ್ನ ಗುಂಪಲ್ಲಿ ಹೇಳಿದರೆ ಸ್ವಿಚ್ ಯಾಕೆ ಬೇಕು? ಇಲ್ಲಿ ಯಾರು ಯಾರು ಓದ್ತಾರೋ. ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ನೀವೊಬ್ಬರೇ ಕೂತು ಮಾತಾಡಿ. ಊರಿಗೆ ಹೋಗುವಾಗ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗಿನ ರೋಟರ್ ಜೇಬಿಗೆ ಹಾಕಿಕೊಳ್ಳಿ, ಅದಿಲ್ಲದೆ ಎಂಜಿನ್ ಸ್ಟಾರ್ಟ್ ಆಗಲ್ಲ, ಖರ್ಚಿಲ್ಲದ ಕೆಲಸ. ಆದರೆ ಟೋ ಮಾಡೋನಿಗೆ ಇದ್ಯಾವುದೂ ಅಡ್ಡಿಯಲ್ಲ. ಚಕ್ರಕ್ಕೂ ಗೇಟಿನ ಕಂಬಕ್ಕೂ ಸೇರಿಸಿ ದಪ್ಪ ಸರಪಳಿ ಹಾಕಿ.

ಸುಧಾ, ಚಿಕ್ಕಮಗಳೂರು: ನಾಗಣ್ಣ ಸಾರ್, ನಮ್ಮ ಅಪ್ಪನ 1969ರ ಸ್ಟ್ಯಾಂಡರ್ಡ್ ಹೆರಾಲ್ಡ್. ಮಗ ಚಾರ್ಮಾಡಿ ಇಳಿಯುತ್ತಿದ್ದ. ಮಳೆ ಇರಲಿಲ್ಲ, ಸ್ಪೀಡೂ ಜಾಸ್ತಿ ಇರಲಿಲ್ಲ ಅಂತಾನೆ. ತಿರುವಲ್ಲಿ ಎದುರು ಬಸ್ ಬಂತು. ಆಕ್ಸಿಲರೇಟರಿಂದ ಕಾಲು ತೆಗೆದು ಬ್ರೇಕ್ ಒತ್ತಿದ್ದಾನೆ ಅಷ್ಟೇ, ಗಾಡಿಯ ಹಿಂಭಾಗ ಹೊರಗೆ ಎಸೆದ ಹಾಗೆ ತಿರುಗಿ ತಡೆಗೋಡೆಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಿಲ್ಲ. ಡಿಕ್ಕಿಯಲ್ಲಿ ಮರಳು ಮೂಟೆ ಇಟ್ಟರೆ ಸರಿಹೋಗುತ್ತೆ ಅಂತ ಇನ್ನೊಂದು ಗುಂಪಲ್ಲಿ ಬಂದಿದೆ. ಇಡಬಹುದಾ?

ನಾಗಣ್ಣ: ಮೂಟೆ ವಿಚಾರ ಆಮೇಲೆ. ಮೊದಲು ಎರಡು ವಿಷಯ ಹೇಳಿ ಮೇಡಂ. ಟೈರ್ ಹೊಸದಾ? ಹಿಂದಿನ ಪಟ್ಟಿಗೆ, ಅಂದರೆ ಲೀಫ್ ಸ್ಪ್ರಿಂಗಿಗೆ, ಈಚೆಗೆ ಏನಾದರೂ ಮಾಡಿಸಿದ್ರಾ?

ಪ್ರಕಾಶ್, ಹಾಸನ: ಘಾಟಿ ಇಳಿಯುವಾಗ ನಾನು ನ್ಯೂಟ್ರಲ್ ಹಾಕ್ತೀನಿ, ಎಂಜಿನ್ನಿಗೂ ಆರಾಮ, ಪೆಟ್ರೋಲೂ ಉಳಿಯುತ್ತೆ. ಆ ಹುಡುಗ ಗೇರಲ್ಲಿ ಇದ್ದಿದ್ದಕ್ಕೇ ಜಗ್ಗಿರಬೇಕು.

ಕಿರಣ್, ಬೆಂಗಳೂರು: ಸುಮ್ನೆ ತಪ್ಪು ಹೇಳಬೇಡಿ ಸಾರ್. ಗೇರಲ್ಲಿ ಇಳಿದರೆ ಪೆಟ್ರೋಲ್ ಪೂರ್ತಿ ಕಟ್ ಆಗುತ್ತೆ.

ಪ್ರಕಾಶ್, ಹಾಸನ: ಅದು ಇಂಜೆಕ್ಷನ್ ಗಾಡಿಗೆ ತಮ್ಮ. ಕಾರ್ಬ್ಯುರೇಟರಿಗೆ ಯಾವ ಕಂಪ್ಯೂಟರ್ ಬಂದು ಕಟ್ ಮಾಡುತ್ತೆ?

ನಾಗಣ್ಣ: ಕಾರ್ಬ್ಯುರೇಟರ್ ಮಾತು ಸರಿ ಪ್ರಕಾಶ್. ನ್ಯೂಟ್ರಲ್ ತಪ್ಪು. ನಾಲ್ಕೂ ಡ್ರಮ್ ಬ್ರೇಕ್, ಬೂಸ್ಟರ್ ಇಲ್ಲ. ಎಂಜಿನ್ ತಡೆಯಲಿಲ್ಲ ಅಂದರೆ ಇಡೀ ಘಾಟಿಯ ಭಾರ ಬ್ರೇಕ್ ಲೈನರ್ ಮೇಲೆ. ಡ್ರಮ್ ಕಾದ ಮೇಲೆ ಎಷ್ಟು ತುಳಿದರೂ ಹಿಡಿಯಲ್ಲ. ಎರಡನೇ ಗೇರಲ್ಲಿ ಇಳಿಯಿರಿ.

ಸುಧಾ, ಚಿಕ್ಕಮಗಳೂರು: ಟೈರ್ ಹೊಸ ರೇಡಿಯಲ್ ಸಾರ್, ಮೊದಲಿಗಿಂತ ಅಗಲ. ಹಿಂದೆ ಗಾಡಿ ಕೂತುಬಿಟ್ಟಿತ್ತು ಅಂತ ಪಟ್ಟಿ ಬಡಿಸಿ, ಒಂದು ಬ್ಲೇಡ್ ಜಾಸ್ತಿ ಹಾಕಿಸಿದ್ವಿ. ಈಗ ಎತ್ತರಕ್ಕೆ ಚೆನ್ನಾಗಿ ನಿಂತಿದೆ.

ನಾಗಣ್ಣ: ಇಲ್ಲೇ ಇದೆ ನೋಡಿ ಸಮಸ್ಯೆ. ನಿಮ್ಮ ಮಗನ ತಪ್ಪು ಕಮ್ಮಿ. ಸ್ವಲ್ಪ ಉದ್ದ ಬರೀತೀನಿ, ಬಿಡದೆ ಓದಿ.

ಪದ್ಮಿನಿ, ಅಂಬಾಸಿಡರಲ್ಲಿ ಹಿಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್. ಗಾಡಿ ಎಷ್ಟೇ ಎದ್ದು ಕೂತರೂ ಚಕ್ರ ರಸ್ತೆಗೆ ನೆಟ್ಟಗಿರುತ್ತೆ. ಹೆರಾಲ್ಡ್ ಹಾಗಲ್ಲ. ಎಂಜಿನ್ ಶಕ್ತಿಯನ್ನ ಹಿಂದಿನ ಎರಡೂ ಚಕ್ರಕ್ಕೆ ಹಂಚೋ ಡಿಫರೆನ್ಷಿಯಲ್ ಚಾಸಿಗೆ ಕಚ್ಚಿಕೊಂಡಿದೆ. ಅದರ ಮೇಲೆ ಅಡ್ಡಕ್ಕೆ ಒಂದು ಪಟ್ಟಿ. ಎರಡು ಕಡೆಗೂ ಒಂದೊಂದು ಶಾಫ್ಟ್. ಬಾಗೋ ಕೀಲು, ಅಂದರೆ ಯುನಿವರ್ಸಲ್ ಜಾಯಿಂಟ್, ಒಳಗಡೆ ಮಾತ್ರ, ಚಕ್ರದ ಹತ್ತಿರ ಇಲ್ಲ. ಅಂದರೆ ಶಾಫ್ಟ್ ಓರೆಯಾದಷ್ಟೂ ಚಕ್ರವೂ ಓರೆಯಾಗುತ್ತೆ, ಹಕ್ಕಿ ರೆಕ್ಕೆ ಇಳಿಬಿಟ್ಟ ಹಾಗೆ. ಹಳೇ ಬೀಟಲ್‌ನಲ್ಲೂ ಶಾಫ್ಟು ಹೀಗೇ.

ತಿರುವಲ್ಲಿ ಕಾಲು ತೆಗೆದು ಬ್ರೇಕ್ ಒತ್ತಿದ ತಕ್ಷಣ ಭಾರ ಮುಂದಕ್ಕೆ ಹೋಗುತ್ತೆ. ಹಿಂಭಾಗ ಮೇಲೇಳುತ್ತೆ. ಹೊರಗಡೆ ಚಕ್ರದ ಬುಡ ಒಳಕ್ಕೆ ಮಡಚುತ್ತೆ. ಟೈರಿನ ಅಂಚಷ್ಟೇ ರಸ್ತೆ ಮೇಲೆ. ಹಿಡಿತ ಹೋಯ್ತು, ಹಿಂಭಾಗ ಹೊರಟಿತು. ಅಗಲದ ಟೈರ್ ಹಾಕಿದರೆ ಒಳ್ಳೇದು ಅಂತ ಎಲ್ಲರೂ ಅಂದುಕೊಳ್ತಾರೆ. ಇಲ್ಲಿ ಉಲ್ಟಾ. ಟೈರ್ ರಸ್ತೆ ಕಚ್ಚಿದಷ್ಟೂ ಬಾಡಿಯನ್ನ ಇನ್ನೂ ಮೇಲೆತ್ತುತ್ತೆ.

ಇದರ ಮೇಲೆ ನಿಮ್ಮ ಪಟ್ಟಿ ಕೆಲಸದವನು ಪಟ್ಟಿಯ ಕಮಾನು ಎತ್ತಿಬಿಟ್ಟಿದ್ದಾನೆ. ಲಾರಿ, ಜೀಪಿಗೆ ಅದು ಸರಿ. ಹೆರಾಲ್ಡಲ್ಲಿ ಗಾಡಿ ನಿಂತಲ್ಲೇ ಚಕ್ರ ಅರ್ಧ ಮಡಚಿಕೊಂಡಿದೆ, ತಿರುವಿಗೆ ಉಳಿದಿದ್ದು ಇನ್ನರ್ಧ. ಹಿಂದೆ ನಿಂತು ನೋಡಿ. ಎರಡೂ ಚಕ್ರದ ಬುಡ ಒಳಗೆ, ತಲೆ ಹೊರಗೆ ಕಂಡರೆ ನಾನು ಹೇಳಿದ್ದೇ ಸರಿ.

ಮರಳು ಮೂಟೆ ಪೂರ್ತಿ ಸುಳ್ಳಲ್ಲ. ಭಾರಕ್ಕೆ ಹಿಂಭಾಗ ಕೂರುತ್ತೆ, ಚಕ್ರ ನೆಟ್ಟಗಾಗುತ್ತೆ. ಆದರೆ ಆ ಭಾರ ಆಕ್ಸಲಿಗಿಂತ ಹಿಂದೆ. ಒಂದು ಸಲ ಹಿಂಭಾಗ ಜಾರಿತು ಅಂದರೆ ಅದೇ ಮೂಟೆ ಇನ್ನೂ ಜೋರಾಗಿ ಎಳೆದುಕೊಂಡು ಹೋಗುತ್ತೆ. ಕಟ್ಟದೇ ಇಟ್ಟರೆ ಕೇಳೋದೇ ಬೇಡ. ಫಾರ್ವರ್ಡ್ ಮಾಡೋರು ಇದನ್ನ ಬರೆಯಲ್ಲ. ಮೂಟೆ ಬೇಡ.

ಜಾಸ್ತಿ ಬ್ಲೇಡ್ ತೆಗೆಸಿ, ಕಮಾನು ಇಳಿಸಿ. ಮೊದಲಿನ ಅಳತೆಯ ಟೈರ್ ಹಾಕಿ. ಗಾಳಿ ಹಿಂದಕ್ಕಿಂತ ಮುಂದೆ ಕಮ್ಮಿ ಇರಲಿ. ಕಂಪನಿ ಪುಸ್ತಕದಲ್ಲೂ ಹಾಗೇ ಇದೆ. ಮಗನಿಗೆ ಹೇಳಿ: ತಿರುವಿಗೆ ಮುಂಚೆಯೇ ನಿಧಾನ ಮಾಡಬೇಕು, ತಿರುವಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇರಲೇಬೇಕು. ಇಷ್ಟಾದರೂ ಈ ಗಾಡಿಗೆ ಒಂದು ಮಿತಿ ಇದೆ, ಅದನ್ನ ಯಾವ ಮೆಕ್ಯಾನಿಕ್ಕೂ ತೆಗೆಯೋಕಾಗಲ್ಲ. 1972ರಲ್ಲಿ ಗೆಜೆಲ್ ಅಂತ ಮಾಡಿದಾಗ ಸ್ಟ್ಯಾಂಡರ್ಡ್‌ನವರೇ ಈ ಏರ್ಪಾಟು ಬಿಟ್ಟು ಗಟ್ಟಿ ಆಕ್ಸಲ್ ಹಾಕಿದರು. ಪಟ್ಟಿ, ಟೈರ್ ಸರಿ ಮಾಡಿಸೋ ತನಕ ಘಾಟಿ ಇಳಿಸಬೇಡಿ.

ಸುಬ್ಬರಾವ್: *ಫಾರ್ವರ್ಡ್* ಬ್ರೇಕ್ ಆಯಿಲ್ ಖಾಲಿಯಾದರೆ ಗಾಬರಿ ಬೇಡ! ಸೋಪಿನ ನೀರು ಅಥವಾ ಎಂಜಿನ್ ಆಯಿಲ್ ಹಾಕಿ 200 ಕಿ.ಮೀ. ಆರಾಮಾಗಿ ಹೋಗಬಹುದು. ಎಲ್ಲರಿಗೂ ತಲುಪಿಸಿ 🙏

ನಾಗಣ್ಣ: ಯಾರಿಗೂ ತಲುಪಿಸಬೇಡಿ. ಎಂಜಿನ್ ಆಯಿಲ್ ತಾಗಿದರೆ ಬ್ರೇಕಿನ ರಬ್ಬರ್ ಕಪ್ ಊದಿಕೊಳ್ಳುತ್ತೆ. ಮೊದಲು ಬ್ರೇಕ್ ಬಿಡಲ್ಲ, ಆಮೇಲೆ ಹಿಡಿಯಲ್ಲ. ಮಾಸ್ಟರ್ ಸಿಲಿಂಡರಿಂದ ಹಿಡಿದು ನಾಲ್ಕು ಚಕ್ರದ ಕಿಟ್‌ವರೆಗೆ ಎಲ್ಲಾ ಬಿಚ್ಚಬೇಕು. ಸೋಪಿನ ನೀರು 100 ಡಿಗ್ರಿಗೇ ಕುದಿಯುತ್ತೆ. ಇಳಿಜಾರಲ್ಲಿ ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತೆ. ಬ್ರೇಕ್ ಆಯಿಲ್ ಖಾಲಿಯಾಗಿದೆ ಅಂದರೆ ಎಲ್ಲೋ ಸೋರ್ತಿದೆ. ಗಾಡಿ ನಿಲ್ಲಿಸಿ.

ಸುಬ್ಬರಾವ್: ಹಿಂದಿನ ಕಾಲದ ಡ್ರೈವರುಗಳು ಎಲ್ಲಾ ಹೀಗೇ ಮಾಡ್ತಿದ್ದರು. ಅನುಭವಕ್ಕೆ ಬೆಲೆ ಇಲ್ವಾ?

ಕಿರಣ್, ಬೆಂಗಳೂರು: ಬದುಕಿ ಬಂದವರು ಕಥೆ ಹೇಳ್ತಾರೆ ಅಂಕಲ್.

ಸುಬ್ಬರಾವ್: ನಿನ್ನ ಅಂಬಾಸಿಡರ್ ಶೆಡ್ ಬಿಟ್ಟು ಎಷ್ಟು ದೂರ ಹೋಗಿದೆ ಅಂತ ಗುಂಪಿಗೆಲ್ಲಾ ಗೊತ್ತು.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ರಫೀಕ್: ಪದ್ಮಿನಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ಕ್ಕೆ ಓಡಿಸಬಹುದಾ ನಾಗಣ್ಣ?

ನಾಗಣ್ಣ: ಓಡುತ್ತೆ. ನಿಲ್ಲಲ್ಲ. 70 ಸಾಕು, ಎಡಗಡೆ ಹೋಗಿ.

ಶ್ರೀಧರ್, ಉಡುಪಿ: ನನ್ನದು 1970ರ ಅಂಬಾಸಿಡರ್. ವಿಂಟೇಜ್ ನಂಬರ್ ತಗೊಂಡರೆ ಕಳ್ಳರ ಕಾಟ ತಪ್ಪುತ್ತಾ?

ನಾಗಣ್ಣ: ಇಲ್ಲ. 50 ವರ್ಷ ದಾಟಿದ್ದರೆ 2021ರ ನಿಯಮದಲ್ಲಿ ವಿಎ ಸರಣಿ ನಂಬರ್ ಸಿಗುತ್ತೆ. 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ದಿನಾ ಓಡಿಸೋ ಹಾಗಿಲ್ಲ. ಅದು ಬೀಗ ಅಲ್ಲ.

ದೀಪಕ್: ಹೊಸಬ, ಇವತ್ತೇ ಸೇರಿದೆ. ಕಿಲ್ ಸ್ವಿಚ್ ಎಲ್ಲಿ ಹಾಕಿಸಬೇಕು?

ನಾಗಣ್ಣ: ಮೇಲೆ ಓದಿ.

ಪ್ರಕಾಶ್, ಹಾಸನ: ನ್ಯೂಟ್ರಲ್ ಬಗ್ಗೆ ನನಗಿನ್ನೂ ಒಪ್ಪಿಗೆ ಇಲ್ಲ. ಎಷ್ಟೋ ವರ್ಷದಿಂದ ಇಳಿತಾ ಇದ್ದೀನಿ.

ನಾಗಣ್ಣ: ಇಳಿಯಿರಿ ಹಾಗಾದರೆ. ನನ್ನ ಯಾಕೆ ಕೇಳ್ತೀರಿ?

ಸುಧಾ, ಚಿಕ್ಕಮಗಳೂರು: ಹಿಂದೆ ನಿಂತು ಫೋಟೊ ತೆಗೆದೆ ಸಾರ್. ಎರಡೂ ಚಕ್ರದ ಬುಡ ಒಳಗೇ ಇದೆ.

ನಾಗಣ್ಣ: ನೋಡಿದೆ. ಓಡಿಸಿಕೊಂಡು ಬರಬೇಡಿ, ಲಾರಿಗೆ ಹಾಕಿಸಿ ಕಳಿಸಿ. ತೆಗೆಸಿದ ಹಳೇ ಪಟ್ಟಿ ಚೂರು ಇದ್ದರೆ ಎಸೆಯಬೇಡಿ, ಜೊತೆಗೆ ಕಟ್ಟಿ ಕಳಿಸಿ, ಅಳತೆಗೆ ಬೇಕು. ಇವತ್ತಿಗೆ ಸಾಕು ಅಡ್ಮಿನ್ ಅವರೇ, ಅಂಗಡಿ ಮುಚ್ಚಬೇಕು.

ಗಿರೀಶ್: ಕಾಂಟೆಸಾ ಹಿಂದಿನ ಗ್ಲಾಸ್ ಬೀಡಿಂಗ್ ಎಲ್ಲಿ ಸಿಗುತ್ತೆ ಅಂತ ಬೆಳಗ್ಗೆಯೇ ಕೇಳಿದ್ದೆ…

ದೀಪಕ್: ಮೇಲೆ ಓದಿದೆ. ಜಾಗ ಎಲ್ಲೂ ಬರೆದಿಲ್ವಲ್ಲಾ?