‘4 ದಾಟಿದ್ರೆ ಆಯಸ್ಸು 20 ವರ್ಷ ಖೋತಾ’: ಡಾಕ್ಟರ್ ಬ್ಯಾಚ್‌ಮೇಟ್‌ಗಳ ವಾಟ್ಸಾಪ್ ಜಗಳ

ಮಂಜುನಾಥ: (ಫಾರ್ವರ್ಡ್) ಬಾಲ್ಯದ ನೋವು ಅಳೆಯಲು 10 ಪ್ರಶ್ನೆ, ಪ್ರತಿ ‘ಹೌದು’ಗೆ 1 ಅಂಕ. ನಿಮ್ಮ ಅಂಕ 4 ದಾಟಿದರೆ ಆಯಸ್ಸು 20 ವರ್ಷ ಖೋತಾ! ತಪ್ಪದೆ ಎಲ್ಲರಿಗೂ ಕಳಿಸಿ.

ಮಂಜುನಾಥ: ಮುಂದಿನ ತಿಂಗಳ ಕ್ಯಾಂಪ್‌ನಲ್ಲಿ ಬಿಪಿ, ಶುಗರ್ ಜೊತೆ ಇದನ್ನೂ ಕೊಟ್ರೆ ಹೇಗೆ? ಒಂದೇ ಪುಟ, 5 ನಿಮಿಷದ ಕೆಲಸ.

ಗೀತಾ: ಬೇಡ ಮಾರಾಯ. ಆ 20 ವರ್ಷದ ಲೆಕ್ಕ 2009ರ ಒಂದು ಅಮೆರಿಕದ ಸಂಶೋಧನಾ ಪೇಪರಿನದ್ದು. ಅದು ಅಂಕ 6 ಅಥವಾ ಹೆಚ್ಚು ಇದ್ದವರದ್ದು, 4 ಅಲ್ಲ. ಅದೂ ಸತ್ತವರ ವಯಸ್ಸಿನ ಸರಾಸರಿ ಮಾತ್ರ: 60.6 ವರ್ಷ, ಸೊನ್ನೆ ಅಂಕದವರಲ್ಲಿ 79.1. 17,337 ಜನರಲ್ಲಿ ಅಷ್ಟೊತ್ತಿಗೆ ತೀರಿಕೊಂಡವರು 1,539. ಬದುಕಿರೋರ ಆಯಸ್ಸು ಆ ಸರಾಸರಿಗೆ ಬಂದೇ ಇಲ್ಲ. ಹೆಚ್ಚು ಅಂಕದ ಗುಂಪಲ್ಲಿ ಚಿಕ್ಕ ವಯಸ್ಸಿನವರು ಜಾಸ್ತಿ ಇದ್ರೆ ಈ ಸರಾಸರಿ ತಾನಾಗೇ ಇಳಿಯುತ್ತೆ.

ಬಸವರಾಜ: ಖರೆ. ಆದ್ರ ಅದೇ ಪೇಪರ್‌ನ್ಯಾಗ 65ರೊಳಗ ಸಾಯೋ ಅಪಾಯ 2.4 ಪಟ್ಟು ಅಂತನೂ ಐತಿ. ಅದನ್ನ ಯಾಕ ನುಂಗ್ತೀ?

ಗೀತಾ: ನುಂಗ್ಲಿಲ್ಲ. ಅಪಾಯ ಇಲ್ಲ ಅಂತ ನಾನೆಲ್ಲಿ ಹೇಳ್ದೆ? ಆ ಫಾರ್ವರ್ಡ್ ಸುಳ್ಳು ಅಂದೆ.

ಮಂಜುನಾಥ: ಹಾಗಾದ್ರೆ 1998ರ ಮೂಲ ಅಧ್ಯಯನ? ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಫೆಲಿಟ್ಟಿ, ಆಂಡಾ ಅನ್ನೋ ಡಾಕ್ಟರ್‌ಗಳು ಮಾಡಿದ್ದು. ಅಂಕ 4 ಮತ್ತು ಮೇಲಿದ್ದವರಿಗೆ ಹೃದಯದ ಕಾಯಿಲೆ 2.2 ಪಟ್ಟು, ಪಾರ್ಶ್ವವಾಯು 2.4, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) 3.9. ಇದೂ ಸುಳ್ಳಾ?

ನಜ್ಮಾ: ಸುಳ್ಳಲ್ಲ. 2017ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ 37 ಅಧ್ಯಯನ ಒಟ್ಟು ಹಾಕಿ ನೋಡಿದಾಗಲೂ ಹೃದಯ, ಶ್ವಾಸಕೋಶ, ಕ್ಯಾನ್ಸರ್ ಸಂಬಂಧ ಮಧ್ಯಮ ಮಟ್ಟದಲ್ಲಿ ಉಳೀತು. ಬೊಜ್ಜು, ಸಕ್ಕರೆ ಕಾಯಿಲೆಗೆ ಸಂಬಂಧ ಇದೆ, ಆದ್ರೆ ದುರ್ಬಲ. ಎಲ್ಲಕ್ಕಿಂತ ಗಟ್ಟಿಯಾದದ್ದು ಮಾದಕ ವ್ಯಸನ ಮತ್ತು ಹಿಂಸೆಗೆ. ಫಾರ್ವರ್ಡ್ ಮಾಡೋರು ಎಲ್ಲವನ್ನೂ ಒಂದೇ ತಕ್ಕಡೀಲಿ ತೂಗ್ತಾರೆ.

ಶ್ರೀಧರ: ಇಷ್ಟೆಲ್ಲ ಬೇಕಾ? ನೊಂದವರು ಸಿಗರೇಟ್ ಸೇದ್ತಾರೆ, ಕುಡೀತಾರೆ, ಕಾಯಿಲೆ ಬರುತ್ತೆ. ಸಿಗರೇಟ್ ಬಿಡಿಸಿದ್ರೆ ಮುಗೀತು.

ನಜ್ಮಾ: ಅರ್ಧ ಸರಿ. ಸ್ಯಾನ್ ಡಿಯೇಗೊ ಅಧ್ಯಯನದ ಅದೇ ಜನರ ಹೃದಯದ ಲೆಕ್ಕವನ್ನ 2004ರಲ್ಲಿ ಬಿಡಿಸಿ ನೋಡಿದ್ರು. ಸಿಗರೇಟು, ಬೊಜ್ಜು, ಬಿಪಿಗಿಂತ ಸಿಟ್ಟು ಮತ್ತು ಖಿನ್ನತೆಯ ಪಾಲು ಹೆಚ್ಚು ಕಂಡಿತು. ನ್ಯೂಜಿಲೆಂಡ್‌ನ ಡ್ಯುನೆಡಿನ್ ಅಧ್ಯಯನದಲ್ಲಿ ಮಕ್ಕಳನ್ನ ಹುಟ್ಟಿನಿಂದ ಗಮನಿಸ್ತಾ ಬಂದಿದ್ದಾರೆ. ಚಿಕ್ಕಂದಿನಲ್ಲಿ ಹಿಂಸೆ ಅನುಭವಿಸಿದವರಿಗೆ 32ನೇ ವಯಸ್ಸಲ್ಲಿ ರಕ್ತದಲ್ಲಿ ಸಿಆರ್‌ಪಿ ಅನ್ನೋ ಪ್ರೋಟೀನ್ ಜಾಸ್ತಿ ಇತ್ತು. ಅಂದ್ರೆ ದೇಹದೊಳಗೆ ಸಣ್ಣ ಉರಿಯೂತ.

ಮಂಜುನಾಥ: ಸರಿ ಬಿಡು, ಕ್ಯಾಂಪ್‌ನಲ್ಲಿ ಸಿಆರ್‌ಪಿ, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಟೆಸ್ಟ್ ಮಾಡಿಸೋಣ!

ನಜ್ಮಾ: ದುಡ್ಡು ದಂಡ. ಕಾರ್ಟಿಸಾಲ್ ಬೆಳಿಗ್ಗೆ ಏರಿ ರಾತ್ರಿ ಇಳಿಯುತ್ತೆ. ಮಧ್ಯಾಹ್ನ 12ಕ್ಕೆ ತೆಗೆದ ಒಂದು ಸ್ಯಾಂಪಲ್‌ನಿಂದ ಏನೂ ಗೊತ್ತಾಗಲ್ಲ. ದೀರ್ಘಕಾಲ ಒತ್ತಡದಲ್ಲಿ ಬೆಳೆದ ಕೆಲವರಲ್ಲಿ ಅದು ಏರೋ ಬದಲು ಮಂಕಾಗಿರುತ್ತೆ. ಸಿಆರ್‌ಪಿ ಹಲ್ಲಿನ ಕೀವಿಗೂ ಏರುತ್ತೆ.

ಬಸವರಾಜ: ಟೆಸ್ಟ್ ಬ್ಯಾಡ ಅಂದ್ರ ಪ್ರಶ್ನೆನರ ಕೇಳೂನು. ಕೇಳದಿದ್ರ ಯಾರೂ ಹೇಳಂಗಿಲ್ಲ.

ಗೀತಾ: ಫಾರಂ ಕೊಟ್ಟು ಕೇಳೋದು ಕೇಳಿದ ಹಾಗಲ್ಲ. ಓದಲು ಬಾರದವರಿಗೆ ಸ್ವಯಂಸೇವಕರು ಪ್ರಶ್ನೆಯನ್ನ ಗಟ್ಟಿಯಾಗಿ ಓದ್ತಾರೆ, ಪಕ್ಕದಲ್ಲಿ ಅತ್ತೆ ಕೂತಿರ್ತಾರೆ, ಸೊಸೆ ಹತ್ತಕ್ಕೂ ‘ಇಲ್ಲ’ ಅಂತಾಳೆ. ಆಯ್ತಲ್ಲ, ನಿನ್ನ ಡೇಟಾ. ಇನ್ನು ಅಂಕ ನೋಡು: ಬೈಗುಳಕ್ಕೂ 1, ವರ್ಷಗಟ್ಟಲೆ ನಡೆದ ಲೈಂಗಿಕ ದೌರ್ಜನ್ಯಕ್ಕೂ 1. ಬಡತನಕ್ಕೆ, ಜಾತಿಯ ಅವಮಾನಕ್ಕೆ ಅಂಕವೇ ಇಲ್ಲ. ಇದೇ ಪ್ರಶ್ನಾವಳಿಯ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಆವೃತ್ತಿ ಎಷ್ಟು ಸಲ ಆಯ್ತು ಅಂತ ಕೇಳುತ್ತೆ, ಸಹಪಾಠಿಗಳ ಕಿರುಕುಳ, ಊರಿನ ಹಿಂಸೆಯನ್ನೂ ಸೇರಿಸುತ್ತೆ. ಅಂಕ ಶುರು ಮಾಡಿದ ಆಂಡಾ ಅವರೇ 2020ರಲ್ಲಿ, ಇದು ಒಬ್ಬೊಬ್ಬರನ್ನ ಅಳೆಯೋಕಲ್ಲ ಅಂತ ಬರೆದ್ರು. ಗುಂಪಿನ ಸರಾಸರಿ ಹೇಳುತ್ತೆ, ನಿನ್ನೆದುರು ಕೂತ ರೋಗಿಯ ಭವಿಷ್ಯ ಹೇಳಲ್ಲ. 4 ಬಂದವರು ‘ನನ್ನ ಕಥೆ ಮುಗೀತು’ ಅಂತ ಮನೆಗೆ ಹೋಗ್ತಾರೆ, 0 ಬಂದವರು ಬಿಪಿ ಮಾತ್ರೆ ಬಿಡ್ತಾರೆ.

ಬಸವರಾಜ: ಹಂಗಾರ ಏನ್ ಮಾಡೂದು, ಹೇಳ್ವಾ.

ಗೀತಾ: ಪರದೆ ಇರೋ ಜಾಗ, ರೋಗಿ ಒಬ್ಬರೇ. ಮೊದಲು ನಿದ್ದೆ, ಕುಡಿತ, ತಂಬಾಕು ಕೇಳು. ಆಮೇಲೆ: ‘ಚಿಕ್ಕಂದಿನ ಕಷ್ಟಗಳು ಈಗಿನ ಆರೋಗ್ಯಕ್ಕೆ ತೊಂದರೆ ಕೊಡಬಹುದು. ನಿಮಗೆ ಹಾಗೇನಾದ್ರೂ ಅನಿಸಿದೆಯಾ? ಹೇಳಲೇಬೇಕು ಅಂತಿಲ್ಲ.’ ವಿವರ ಕೆದಕಬೇಡ. ಸಾಯೋ ಯೋಚನೆ ಇದೆಯಾ ಅಂತ ನೇರವಾಗಿ ಕೇಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅಂತ ಚೀಟಿಯಲ್ಲಿ ಬರೆದು ಕೊಡು. ಕನ್ನಡದಲ್ಲೇ ಮಾತಾಡ್ತಾರೆ, ದಿನದ 24 ಗಂಟೆ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಚಿಕಿತ್ಸೆ ಎಲ್ಲರಿಗೂ ಇದ್ದ ಹಾಗೇ.

ನಜ್ಮಾ: ಇನ್ನೊಂದು. ಗರ್ಭಕಂಠದ ಪರೀಕ್ಷೆ, ಹಲ್ಲಿನ ಕುರ್ಚಿ, ಎಂಡೋಸ್ಕೋಪಿ ಅಂದ್ರೆ ಹಳೆಯ ಹಿಂಸೆ ನೆನಪಾಗಿ ಪದೇ ಪದೇ ತಪ್ಪಿಸಿಕೊಳ್ಳೋರನ್ನ ‘ನಾನ್ ಕಂಪ್ಲಯಂಟ್’ (ಹೇಳಿದ ಮಾತು ಕೇಳದವರು) ಅಂತ ಬರೆದು ಕೈತೊಳ್ಕೋಬೇಡಿ. ಮುಟ್ಟೋ ಮುಂಚೆ ಹೇಳಿ, ಕೈ ಎತ್ತಿದ್ರೆ ನಿಲ್ಲಿಸ್ತೀನಿ ಅನ್ನಿ, ನಿಜವಾಗ್ಲೂ ನಿಲ್ಲಿಸಿ. ಕಾಯಿಲೆ ತಡವಾಗಿ ಸಿಗೋದಕ್ಕೆ ಈ ತಪ್ಪಿಸಿಕೊಳ್ಳೋದೂ ಒಂದು ಕಾರಣ.

ಶ್ರೀಧರ: 18ರ ಒಳಗಿನ ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿಬಿಟ್ಟರೆ?

ಗೀತಾ: ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ರೆ 21ರ ಪ್ರಕಾರ ನಮ್ಮ ಮೇಲೇ ಕೇಸು. ಹಾಗಾಗಿ ಯಾರಿಗೆ ಫೋನ್ ಮಾಡ್ಬೇಕು ಅಂತ ಕ್ಯಾಂಪ್‌ಗೆ ಮುಂಚೇನೇ ಗೊತ್ತಿರಬೇಕು. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲೆ ಹಾಕಿ.

ಮಂಜುನಾಥ: ಒಪ್ಪಿದೆ. ಫಾರಂ ರದ್ದು. ಆ ಪೋಸ್ಟ್ ಮಾತ್ರ ಡಿಲೀಟ್ ಮಾಡಲ್ಲ, ಜನರಿಗೆ ಅರಿವಾದ್ರೂ ಬರ್ಲಿ.

ಗೀತಾ: 20 ವರ್ಷದ ಸಾಲು ತೆಗೆದು ಹಾಕು, ನಾನೇ ಶೇರ್ ಮಾಡ್ತೀನಿ.

ಬಸವರಾಜ: ಪರದೆ ಎಷ್ಟು ಬೇಕು ಹೇಳ್ರಿ, ಶಾಮಿಯಾನದಾಂವ ಕೇಳಾಕತ್ತಾನ.